ಕಿಸೆಯಲ್ಲಿರುವ ದಾಖಲೆಗಳಿಗೆ ಬೀಗ
ಪೆನ್‌ಡ್ರೈವ್‌ನಲ್ಲಿರುವ ಖಾಸಗಿ ದಾಖಲೆಗಳನ್ನು ಕಾಪಾಡಲು ಇರುವ ಭದ್ರ ದಾರಿ ಎನ್‌ಕ್ರಿಪ್ಷನ್. ಪುತ್ತೂರು, ಸುಳ್ಯ, ಕಡಬದ ಅಡಿಕೆ ಕೃಷಿಕರ ಮನೆಗಳಲ್ಲಿ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಮಕ್ಕಳ ಅಂಕಪಟ್ಟಿಗಳ ಸ್ಕ್ಯಾನ್ ಪ್ರತಿಗಳೆಲ್ಲ ಒಂದೇ ಪೆನ್‌ಡ್ರೈವ್‌ನಲ್ಲಿ ಸೇರಿ, ಅಂಗಿಯ ಕಿಸೆಯಲ್ಲೇ ಪೇಟೆಗೆ ಹೋಗುವುದುಂಟು. ಅದು ಬಸ್ಸಿನಲ್ಲಿ ಬಿದ್ದುಹೋದರೆ ಸಿಕ್ಕಿದವರ ಮುಂದೆ ಎಲ್ಲವೂ ಬಯಲು. ಎನ್‌ಕ್ರಿಪ್ಟ್ ಮಾಡಿದ್ದರೆ ಪಾಸ್‌ವರ್ಡ್ ತಿಳಿಯದವರಿಗೆ ಸಿಗುವುದು ಅರ್ಥವಿಲ್ಲದ ಅಂಕೆಗಳ ರಾಶಿ ಮಾತ್ರ. ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ಇದಕ್ಕೆ ಬಿಟ್‌ಲಾಕರ್ ಎಂಬ ಸೌಲಭ್ಯವಿದೆ. ಅದಿಲ್ಲದವರಿಗೆ ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶವಿದೆ. ಮೊದಲೇ ಬಳಸಿದ ಪೆನ್‌ಡ್ರೈವ್ ಆದರೆ ಬಿಟ್‌ಲಾಕರ್‌ನಲ್ಲಿ ಇಡೀ ಡ್ರೈವನ್ನು ಎನ್‌ಕ್ರಿಪ್ಟ್ ಮಾಡುವ ಆಯ್ಕೆಯನ್ನೇ ಒತ್ತಬೇಕು, ಇಲ್ಲದಿದ್ದರೆ ಹಿಂದೆ ಅಳಿಸಿದ ಫೈಲುಗಳ ಪಳೆಯುಳಿಕೆ ಹಾಗೆಯೇ ಉಳಿದೀತು. ಬಿಟ್‌ಲಾಕರ್ ಕೊಡುವ 48 ಅಂಕೆಗಳ ರಿಕವರಿ ಕೀಯನ್ನು ಕಾಗದದಲ್ಲಿ ಬರೆದು ಜಾಗದ ದಾಖಲೆಗಳ ಜೊತೆ ಕಪಾಟಿನಲ್ಲಿಡುವುದು ಅಗತ್ಯ. ಪಾಸ್‌ವರ್ಡ್ ಮರೆತು ಕೀಯೂ ಕಳೆದರೆ ಬಿಟ್‌ಲಾಕರ್ ತಯಾರಿಸಿದ ಕಂಪನಿಯೂ ಪೆನ್‌ಡ್ರೈವನ್ನು ತೆರೆದುಕೊಡಲಾರದು. ಹೆಚ್ಚಿನವರು ಗಮನಿಸದ ಮಿತಿಯೊಂದಿದೆ. ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಒತ್ತಿದ ಕ್ಷಣದಿಂದ ಒಳಗಿರುವ ಎಲ್ಲ ಫೈಲುಗಳೂ ಆ ಕಂಪ್ಯೂಟರಿಗೆ ತೆರೆದುಕೊಳ್ಳುತ್ತವೆ. ಅಲ್ಲಿ ಫೈಲು ಕದಿಯುವ ವೈರಸ್ ಇದ್ದರೆ ಎನ್‌ಕ್ರಿಪ್ಷನ್ ತಡೆಯದು. ಆದ್ದರಿಂದ ಪ್ರಿಂಟಿಗೆ ಬೇಕಾದ ಫೈಲನ್ನಷ್ಟೇ ಬೇರೊಂದು ಪೆನ್‌ಡ್ರೈವ್‌ಗೆ ಹಾಕಿ ಒಯ್ಯಬೇಕು. ಆಧಾರ್‌ನ ಪೂರ್ಣ ಸಂಖ್ಯೆ ಬೇಡವಾದ ಕಡೆ, ಕೊನೆಯ 4 ಅಂಕೆ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡುವುದೇ ಲೇಸು.