ಬಸ್ಸಾರು, ಮರೆವು ಮತ್ತು ಬಿ12

ಯುಗಾದಿ ಕಳೆಯಿತೆಂದರೆ ಅಮೆರಿಕದ ನಮ್ಮ ಮನೆಗಳಿಗೆ ಊರಿಂದ ಅಪ್ಪ-ಅಮ್ಮ ಬರುವ ಕಾಲ. ಬಂದವರು ಹೇಳಿದ್ದನ್ನೇ ಹೇಳುತ್ತಿದ್ದರೆ "ವಯಸ್ಸಾಯ್ತಲ್ಲ" ಎಂದು ಸುಮ್ಮನಾಗುತ್ತೇವೆ. ಊಟದಿಂದ ಮರೆವು ತಡೆಯಬಹುದೇ ಎಂದು ನನ್ನನ್ನು ಹಲವರು ಕೇಳುತ್ತಾರೆ.

ಷಿಕಾಗೋದ ರಷ್ ವಿಶ್ವವಿದ್ಯಾಲಯದ ಮಾರ್ಥಾ ಕ್ಲೇರ್ ಮಾರಿಸ್ ಮತ್ತು ಸಂಗಡಿಗರು 2015ರಲ್ಲಿ 'ಮೈಂಡ್' ಎಂಬ ಆಹಾರಕ್ರಮದ ಬಗ್ಗೆ ಬರೆದರು. ಸೊಪ್ಪು, ಕಾಳು, ಇಡೀ ಧಾನ್ಯ, ಬಾದಾಮಿಯಂಥ ಬೀಜಗಳು, ಬೆರ್ರಿ ಹಣ್ಣು, ಮೀನು. ಚೆನ್ನಾಗಿ ಅನುಸರಿಸಿದವರಲ್ಲಿ ಆಲ್ಜೈಮರ್ ಅಪಾಯ ಶೇ. 53ರಷ್ಟು ಕಡಿಮೆ ಕಂಡಿತ್ತು. ನನಗಂತೂ ಓದುವಾಗ ಬಸ್ಸಾರು-ಮುದ್ದೆಯೇ ನೆನಪಾಯಿತು! (ಸಿಹಿ, ಕರಿದದ್ದು, ಬೆಣ್ಣೆ ಮಿತವಾಗಿರಬೇಕಂತೆ. ಒಬ್ಬಟ್ಟಿನ ದಿನ ಇದನ್ನು ಹೇಳುವ ಧೈರ್ಯ ನನಗಿಲ್ಲ.) ಆದರೆ 604 ಮಂದಿಯ ಮೇಲೆ ಮೂರು ವರ್ಷ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಈ ಊಟ ಮಾಡಿದವರಿಗೂ ಮಾಮೂಲಿ ಊಟವನ್ನೇ ಸ್ವಲ್ಪ ಕಡಿಮೆ ಮಾಡಿದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸೊಪ್ಪು ಒಳ್ಳೆಯದೇ, ಆದರೆ ಅದು ಮಂತ್ರವಲ್ಲ.

ನಮ್ಮ ಸಸ್ಯಾಹಾರಿ ಹಿರಿಯರ ಮಟ್ಟಿಗೆ ಇದಕ್ಕಿಂತ ಮುಖ್ಯವಾದದ್ದು ವಿಟಮಿನ್ ಬಿ12. ಸೊಪ್ಪು, ಬೇಳೆ, ಕಾಳುಗಳಲ್ಲಿ ಅದಿಲ್ಲ; ಹಾಲು-ಮೊಸರಿನಲ್ಲಿ ಒಂದಿಷ್ಟಿದೆ. ವಯಸ್ಸಾದಂತೆ ಮೈ ಅದನ್ನು ಹೀರಿಕೊಳ್ಳುವುದೂ ತಗ್ಗುತ್ತದೆ. ಸಕ್ಕರೆ ಕಾಯಿಲೆಗೆ ಬಹುಕಾಲ ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಇನ್ನಷ್ಟು ಇಳಿಯಬಹುದು. ಆಗ ಮರೆವು, ಮಂಕು, ಪಾದ ಜುಮ್ಮೆನ್ನುವುದು, ನಡೆವಾಗ ತೂರಾಡುವುದು. ನೋಡಿದವರು ಡಿಮೆನ್ಷಿಯಾ ಎಂದೇ ತಿಳಿದಾರು. ಬೇಗ ಗೊತ್ತಾದರೆ ಇಂಜೆಕ್ಷನ್ ಅಥವಾ ಮಾತ್ರೆಯಿಂದ ಗುಣವಾಗುವ ಮರೆವು ಇದು. ತಡವಾದರೆ ನರಗಳಿಗಾದ ಹಾನಿ ಪೂರ್ತಿ ಸರಿಹೋಗದೆ ಉಳಿಯಬಹುದು.

ಟಿಕೆಟ್ ಮಾಡಿಸುವಾಗಲೇ, ಊರಿನ ಡಾಕ್ಟರನ್ನು ಕೇಳಿ ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿಕೊಂಡು ಬರಲು ಹೇಳಿ. ಇಲ್ಲಿನ ವಿಸಿಟರ್ ಇನ್ಶೂರೆನ್ಸ್ ಇಂಥ ಪರೀಕ್ಷೆಗೆಲ್ಲ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ.