ನಿಷೇಧಿತ ವಸ್ತು, ನಿರಾತಂಕ ಮಾರಾಟ

ಇಲೆಕ್ಟ್ರಾನಿಕ್ ಸಿಗರೇಟುಗಳನ್ನು ಭಾರತ ಸರಕಾರವು 2019ನೆಯ ಸಪ್ಟಂಬರ 18ರಂದು ಸುಗ್ರೀವಾಜ್ಞೆಯ ಮೂಲಕ ನಿಷೇಧಿಸಿ, ಅದೇ ವರ್ಷದ ದಶಂಬರದಲ್ಲಿ ಅದಕ್ಕೆ ಕಾಯಿದೆಯ ರೂಪವನ್ನು ಕೊಟ್ಟಿತು. ನಮ್ಮ ತವರಾದ ಕರ್ನಾಟಕವಂತೂ 2016ರಲ್ಲಿಯೇ ಈ ಹೆಜ್ಜೆಯನ್ನಿಟ್ಟಿತ್ತು. ಆದರೂ ಠಾಣೆ, ಡೊಂಬಿವಲಿ, ಕಲ್ಯಾಣ ಹಾಗೂ ನವಿ ಮುಂಬಯಿಗಳ ತರುಣರ ಕೈಯಲ್ಲಿ ಈ ವಸ್ತುವು ಕಾಣಿಸಿಕೊಳ್ಳುತ್ತಲೇ ಇದೆಯೆಂದ ಮೇಲೆ, ಅದು ಆಕಾಶದಿಂದ ಉದುರಿದುದಲ್ಲವಷ್ಟೆ.

ಬೀಡಿಯಾದರೆ ವಾಸನೆಯೇ ಚಾಡಿ ಹೇಳುತ್ತಿತ್ತು. ಇದರಲ್ಲಿ ಆ ಸೌಕರ್ಯವೂ ಇಲ್ಲ. ಪುದೀನ, ಮಾವು, ಸ್ಟ್ರಾಬೆರಿಗಳ ಪರಿಮಳ, ಲೇಖನಿಯ ಆಕಾರ. ದಿನವಿಡೀ ಫೋರ್ಟಿನ ಕಚೇರಿಯಲ್ಲಿ ದುಡಿದು ರಾತ್ರಿಯ ಗಾಡಿಯಲ್ಲಿ ಡೊಂಬಿವಲಿಗೆ ಮರಳುವ ಗುಮಾಸ್ತನು ಮಗನ ಚೀಲದಲ್ಲಿ ಅದನ್ನು ಕಂಡರೂ ಲೇಖನಿಯೆಂದೇ ಬಗೆದಾನು. ಬ್ಯಾಟರಿಯ ಕಾವಿಗೆ ಆವಿಯಾಗುವ ಆ ದ್ರವದಲ್ಲಿರುವುದು ಸಾಮಾನ್ಯವಾಗಿ ನಿಕೋಟಿನ್. ಮನುಷ್ಯನ ಮಿದುಳು ಸುಮಾರು 25ರ ವಯಸ್ಸಿನ ವರೆಗೂ ಬೆಳೆಯುತ್ತಿರುವುದರಿಂದ, ಈ ಚಟವು ಎಳೆಯರಲ್ಲಿ ಬೇಗನೆ ಬೇರೂರುತ್ತದೆ.

ನಮ್ಮ ಮಾತಿಗೆ ಒಂದು ಆಕ್ಷೇಪವು ಬರಬಹುದು. ಕರಾವಳಿಯ ಎಷ್ಟೋ ಮನೆಗಳಲ್ಲಿ ತಾಯಂದಿರು ಬೀಡಿ ಕಟ್ಟಿದ ದುಡ್ಡಿನಿಂದಲೇ ಮಕ್ಕಳ ಶಾಲೆಯ ಶುಲ್ಕ ಸಂದಿದೆ; ಬೀಡಿಯನ್ನು ಮಾರಗೊಟ್ಟು ಇದೊಂದನ್ನೇ ತಡೆಯುವುದು ಯಾವ ನ್ಯಾಯ? ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಒಂದು ವಿಷವು ಮನೆಯೊಳಗಿದೆಯೆಂದು ಇನ್ನೊಂದಕ್ಕೂ ಬಾಗಿಲು ತೆರೆಯಬೇಕೆಂಬ ವಾದವನ್ನು ನಾವು ಒಪ್ಪಲಾರೆವು.

ಕಾಯಿದೆಯೇನೂ ದುರ್ಬಲವಲ್ಲ. ಮಾರಿದವನಿಗೆ ಮೊದಲ ತಪ್ಪಿಗೆ 1 ವರ್ಷದ ವರೆಗೆ ಸೆರೆ, ಇಲ್ಲವೆ 1 ಲಕ್ಷ ರೂಪಾಯಿಯ ವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 3 ವರ್ಷದ ವರೆಗೆ ಸೆರೆ ಹಾಗೂ 5 ಲಕ್ಷದ ವರೆಗೆ ದಂಡ. ದಾಸ್ತಾನು ಮಾಡುವುದೂ ಅಪರಾಧವೇ. ಸೇದುವವನಿಗೆ ಮಾತ್ರ ಅದು ಪ್ರತ್ಯೇಕ ಶಿಕ್ಷೆಯನ್ನು ವಿಧಿಸಿಲ್ಲ, ವಿಧಿಸದಿದ್ದುದೇ ಯೋಗ್ಯವಾಯಿತು. ಆದುದರಿಂದ ಪೋಲೀಸರು ಹೋಟೇಲಿನ ಹುಡುಗನ ಕಿಸೆ ತಡಕಿ ಗದರಿಸಿ ಬಿಡುವುದರ ಬದಲು, ಅವನಿಗೆ ಕೊಟ್ಟವನಾರು, ಕೊಟ್ಟವನಿಗೆ ತಂದೊಪ್ಪಿಸಿದವನಾರು ಎಂಬುದನ್ನು ವಿಚಾರಿಸಬೇಕು. ಸಬ್‌ಇನ್‌ಸ್ಪೆಕ್ಟರ್ ದರ್ಜೆಯ ಅಧಿಕಾರಿಗೇ ಅಂಗಡಿಯನ್ನು ಶೋಧಿಸುವ ಅಧಿಕಾರವಿರುವಾಗ ಮೇಲಿನವರ ಅಪ್ಪಣೆಗೆ ಕಾದೆವೆಂಬ ನೆಪವು ಸಲ್ಲದು.

ಹೋಟೇಲು ಮಾಲಕರಲ್ಲಿಯೂ ನಮ್ಮದೊಂದು ವಿನಂತಿಯುಂಟು. ಊರಿನಿಂದ ನೀವೇ ಕರೆತಂದ ಹುಡುಗನಲ್ಲಿ ಈ ಚಟವನ್ನು ಕಂಡೊಡನೆ ಅವನನ್ನು ಕೆಲಸದಿಂದ ತೆಗೆಯಬೇಡಿರಿ. ತೆಗೆದರೆ ಉಳಿದವರು ಇನ್ನಷ್ಟು ಜಾಣ್ಮೆಯಿಂದ ಬಚ್ಚಿಡುವರು. ತಂಬಾಕು ಬಿಡಲೆಳಸುವವರಿಗಾಗಿ ಸರಕಾರವು ಇರಿಸಿರುವ ಉಚಿತ ದೂರವಾಣಿಯ ಸಂಖ್ಯೆ 1800-11-2356. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. ಹುಡುಗರು ತಟ್ಟೆ ತೊಳೆಯುವಲ್ಲಿ, ಅವರ ಕಣ್ಣಿಗೆ ಬೀಳುವಂತೆ, ಅದನ್ನು ಗೋಡೆಯ ಮೇಲೆ ಬರೆಯಿಸಿರಿ.