ಗಿಡ ಕಿತ್ತ ಮಾತ್ರಕ್ಕೆ ಕೆರೆ ಕ್ಲೀನ್ ಆಯ್ತಾ?

ಬೆಳ್ಳಂದೂರು ಕೆರೆಗೆ 2017ರಲ್ಲಿ ಬೆಂಕಿ ಬಿದ್ದಾಗ ಇಡೀ ದೇಶ ನೋಡ್ತು. ಆದ್ರೆ ನಮ್ಮ ಕೆರೆಗಳ ಅಂಚಿನಿಂದ ಜೊಂಡು, ನೈದಿಲೆ ಸದ್ದಿಲ್ಲದೆ ಮಾಯ ಆಗ್ತಿರೋದು ಯಾರಿಗೂ ಸುದ್ದಿಯಾಗಲ್ಲ. ಬೆಂಗಳೂರಲ್ಲಿ ಕೆರೆ ಕ್ಲೀನಿಂಗ್ ಅಂದ್ರೆ ಜೆಸಿಬಿ ತಂದು ಹಸಿರೆಲ್ಲ ಎತ್ತಿ ದಡಕ್ಕೆ ಹಾಕೋದು, ನೀರು ಫಳಫಳ ಅಂದಾಗ ಫೋಟೊ ತೆಗೆಯೋದು. ಕೆಲವೇ ತಿಂಗಳಲ್ಲಿ ಕಳೆ ಮತ್ತೆ ಹಾಜರ್!

ನೀರಿನ ಮೇಲಿರೋ ಹಸಿರೆಲ್ಲ ಒಂದೇ ಜಾತಿ ಅಲ್ಲ. ನೇರಳೆ ಹೂವಿನ ವಾಟರ್ ಹಯಸಿಂತ್ ದಕ್ಷಿಣ ಅಮೆರಿಕದಿಂದ ಬಂದದ್ದು. ಅನುಕೂಲ ಸಿಕ್ಕರೆ ಸುಮಾರು ಎರಡೇ ವಾರದಲ್ಲಿ ದುಪ್ಪಟ್ಟಾಗುತ್ತೆ. ಚಾಪೆ ಹಾಸಿದ ಹಾಗೆ ನೀರನ್ನು ಮುಚ್ಚಿ ಬೆಳಕು ತಡೆಯುತ್ತೆ, ಆಮ್ಲಜನಕ ಇಳಿದು ಮೀನು ಸಾಯುತ್ತವೆ. ತಾವರೆ, ನೈದಿಲೆ, ಜೊಂಡು, ನೀರೊಳಗೇ ಬೆಳೆಯೋ ಹೈಡ್ರಿಲ್ಲಾ ನಮ್ಮ ಕೆರೆಗಳ ಹಳೇ ನಿವಾಸಿಗಳು. ಹೈಡ್ರಿಲ್ಲಾ ಹಗಲು ಹೊತ್ತು ನೀರಿಗೆ ಆಮ್ಲಜನಕ ಬಿಡುತ್ತೆ. ಜೊಂಡಿನ ಬೇರಿನ ಸುತ್ತ ಇರೋ ಬ್ಯಾಕ್ಟೀರಿಯಾ ಕೊಳೆಯನ್ನು ಒಡೆಯುತ್ತವೆ. ಮೀನಿನ ಮರಿ ಅಡಗೋದು, ಹಕ್ಕಿ ಗೂಡು ಕಟ್ಟೋದು ಈ ಗಿಡಗಳ ನಡುವೆಯೇ. ಜೆಸಿಬಿಗೆ ಈ ವ್ಯತ್ಯಾಸ ಗೊತ್ತಾಗಲ್ಲ, ಸರಿ. ಎಸ್ಟಿಮೇಟ್ ಬರೆಯೋರಿಗಾದ್ರೂ ಗೊತ್ತಿರಬೇಕಲ್ವಾ?

ಕಳೆ ಮತ್ತೆ ಮತ್ತೆ ಬರೋದಕ್ಕೆ ಮುಖ್ಯ ಕಾರಣ ಚರಂಡಿ ನೀರು. ಅದರಲ್ಲಿರೋ ಸಾರಜನಕ, ರಂಜಕ ಹಯಸಿಂತ್‌ಗೆ ಪುಕ್ಕಟೆ ಗೊಬ್ಬರ. ಎಸ್‌ಟಿಪಿ ಇದೆಯಲ್ಲ ಅಂತೀರಾ? ಅದಕ್ಕಂತಲೇ ಡಿಸೈನ್ ಮಾಡದಿದ್ರೆ ಬಿಒಡಿ ಇಳಿಯುತ್ತೆ, ಗೊಬ್ಬರದ ಬಹುಪಾಲು ಹಾಗೇ ಕೆರೆಗೆ ಹೋಗುತ್ತೆ. ಕಿತ್ತ ಕಳೆಯನ್ನು ದಡದಲ್ಲೇ ಗುಡ್ಡೆ ಹಾಕಿದ್ರೆ ಅದು ಕೊಳೆತು, ಮಳೆಗೆ ಕೊಚ್ಚಿ ವಾಪಸ್ ಕೆರೆಗೇ ಸೇರುತ್ತೆ.

ಇದರ ಜೊತೆಗೆ 'ಅಭಿವೃದ್ಧಿ' ಹೆಸರಲ್ಲಿ ಅಂಚನ್ನು ಕಡಿದಾಗಿ ಅಗೆದು, ಕಲ್ಲು ಕಟ್ಟಿ, ಕೆರೆಯನ್ನು ಬಟ್ಟಲು ಮಾಡಿಬಿಡ್ತೀವಿ. ಜೊಂಡಿಗೆ ಬೇಕಿರೋದು ಮಂಡಿಯುದ್ದ ನೀರು, ಒಂದಿಷ್ಟು ಕೆಸರು. ಅದೂ ಇಲ್ಲ ಅಂದ್ರೆ ಎಲ್ಲಿ ಬೇರು ಬಿಡಬೇಕು? ತೇಲೋ ಹಯಸಿಂತ್‌ಗೆ ಆ ಚಿಂತೆಯೇ ಇಲ್ಲ.

ಬೇರೆ ದಾರಿ ನಮ್ಮೂರಲ್ಲೇ ಇದೆ. ಜಕ್ಕೂರಿನಲ್ಲಿ ಎಸ್‌ಟಿಪಿ ನೀರು ಜೊಂಡು ಬೆಳೆದ ತೇವಭೂಮಿಯನ್ನು ದಾಟಿ ಕೆರೆ ಸೇರೋ ಹಾಗೆ ವ್ಯವಸ್ಥೆ ಮಾಡಿದ್ದಾರೆ. ಆದ್ರೆ ನೆಟ್ಟು ಮರೆತರೆ ಆಗಲ್ಲ. ಜೊಂಡನ್ನೂ ಆಗಾಗ ಕೊಯ್ದು ಹೊರಗೆ ಸಾಗಿಸಬೇಕು, ಇಲ್ಲಾಂದ್ರೆ ಹೀರಿದ್ದನ್ನೆಲ್ಲ ಕೊಳೆತು ವಾಪಸ್ ಕೊಡುತ್ತೆ. ಅದಕ್ಕೆ ವರ್ಷ ವರ್ಷವೂ ದುಡ್ಡು ಬೇಕು. ವಾಕಿಂಗ್ ಪಾತ್‌ಗೆ ದುಡ್ಡು ಹೊಂದಿಸೋ ನಾವು ಇದಕ್ಕೂ ಹೊಂದಿಸಬಹುದು.

ಸಿವಿಲ್ ಗೆಳೆಯರೇ, ಇನ್ನು ನಾಲ್ಕೈದು ವರ್ಷಕ್ಕೆ ಇಂಥ ಡ್ರಾಯಿಂಗ್ ನಿಮ್ಮ ಟೇಬಲ್‌ಗೇ ಬರುತ್ತೆ. ಫೆನ್ಸಿಂಗ್, ಲೈಟ್ ಕಂಬ, ಬೆಂಚು ಎಲ್ಲಾ ಅದರಲ್ಲಿ ಇದ್ದೇ ಇರುತ್ತೆ. ಮಂಡಿಯುದ್ದ ನೀರಿನ ಜಾಗ ಎಲ್ಲಿದೆ ಅಂತ ಹುಡುಕಿ. ಸಿಗದಿದ್ರೆ ಸೈನ್ ಹಾಕೋ ಮುಂಚೆ ವಾಪಸ್ ಕಳಿಸಿ.